ಹೇಳದೇ ಹೋಗುವ ಪಾಠ

"ಅಳಬ್ಯಾಡಪಾ... ಬರ್ತಾರ. ಎಲ್ಲೆ ಹೋಗ್ತಾರ? ಸಂಜಿ ಆತಂದ್ರ ಮನಿಗೇ ಬರಬೇಕಲ್ಲ ಅವರು."

ಮೂರನೆಯ ಮಹಡಿಯ ಮೆಟ್ಟಿಲು ಹತ್ತಿ ಬಂದ ನೀಲಿಮಾ ಅಲ್ಲೇ ನಿಂತುಬಿಟ್ಟಳು.

ಅವಳ ಮನೆಯ ಬಾಗಿಲಿಗೆ ಬೆನ್ನು ಹಚ್ಚಿ ಯಾರೋ ಒಬ್ಬ ಗಂಡಸು ನೆಲದ ಮೇಲೆ ಕುಳಿತಿದ್ದ. ಕೆದರಿದ ಕೂದಲು, ನಿದ್ದೆಗೆಟ್ಟ ಕಣ್ಣು, ಮುದ್ದೆಯಾದ ಪಾಯಜಾಮ. ಬಾಗಿಲ ಒಳಗಿನಿಂದ ಕುಂಯ್ ಕುಂಯ್ ಎಂಬ ಅಳು, ಹೊರಗಿನಿಂದ ಈ ಮನುಷ್ಯನ ಸಮಾಧಾನ.

ಪುಣೆಯ ವಿಮಾನ ನಗರದಲ್ಲಿ, ಅದೂ ತನ್ನದೇ ಹೊಸ್ತಿಲಲ್ಲಿ, ಧಾರವಾಡದ ಕಡೆಯ ಮಾತು ಕೇಳಿದರೆ ಖುಷಿಯಾಗಬೇಕಿತ್ತು. ಆದರೆ ಒಂಟಿಯಾಗಿರುವ ಹೆಣ್ಣಿಗೆ ಮೊದಲು ಬರುವುದು ಖುಷಿಯಲ್ಲ.

"ಯಾರ್ರೀ ನೀವು? ನನ್ನ ಬಾಗಲದಾಗ ಏನ್ ಮಾಡ್ಲಿಕ್ಕತ್ತೀರಿ?"

ಆತ ಗಡಬಡಿಸಿ ಎದ್ದ.

"ಬಾಜೂ ಮನಿಯಾಂವರಿ, ರಾಜೀವ ಅಂತ. ಹೋದ ವಾರ ಬಂದೇನಿ. ತಳೇಗಾಂವ ಫ್ಯಾಕ್ಟರ್ಯಾಗ ರಾತ್ರಿಪಾಳಿ ಮುಗಿಸಿ ಮುಂಜಾನೆ ಬಂದು ಮಲಗೇನಿ. ಮಲಗೂದು ಎಲ್ಲೀದು... ನೀವು ಬಾಗಲಾ ಹಾಕ್ಕೊಂಡು ಹೋದಾಗಿಂದ ಇದು ಅಳಲಿಕ್ಕತ್ತದ."

"ಸಣ್ಣ ನಾಯಿಮರಿ ಅದ. ಅಳತದ."

"ನಾನೂ ಬೈಲಿಕ್ಕೇ ಬಂದಿದ್ದೆ. ನೋಡಿದ್ರ ಬಾಗಲಕ್ಕ ಕೀಲಿ. ಕೂತು ಮಾತಾಡಿದ್ರ ಸುಮ್ಮನಾಗ್ತದ, ಎದ್ದೆ ಅಂದ್ರ ಮತ್ತ ಶುರು."

"ಅದಕ್ಕ ಕನ್ನಡಾ ತಿಳೀತದ ಅಂತ ಯಾರು ಹೇಳಿದ್ರು ನಿಮಗ?"

"ನೀವೇ ಹೇಳಿದ್ರಿ. 'ಸುಡ್ಲಿ ನಿನ್ನ, ಹೊಸಾ ಚಪ್ಲಿ ತಿಂದ್ಯಲ್ಲ' ಅಂತ ನಿನ್ನೆ ನೀವು ಬೈದದ್ದು ಗ್ವಾಡಿ ಆಚೆ ಕೇಳಸ್ತು."

ನೀಲಿಮಾಳಿಗೆ ನಗು ಬರಬೇಕಿತ್ತು, ಬರುತ್ತಲೂ ಇತ್ತು. ಅಷ್ಟರಲ್ಲಿ ಆ ಪುಣ್ಯಾತ್ಮ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು. ಅವನು ಮುಂದುವರಿಸಿದ.

"ಸಿಟ್ಟಾಗಬ್ಯಾಡ್ರಿ... ನೋಡ್ಕೊಳ್ಳಿಕ್ಕೆ ಆಗೂದಿಲ್ಲಂದ್ರ ತರಬಾರದಿತ್ತು. ಬಿಟ್ಟು ಹೋಗೂದೇ ಇದ್ರ ಯಾಕ ತರಬೇಕು?"

ಅವಳ ಮುಖ ಬಿಗಿಯಿತು.

"ಬಿಟ್ಟು ಹೋಗೂದು ಅಂದ್ರ ಏನಂತ ನೀವು ನನಗ ಕಲಸೂದು ಬ್ಯಾಡ."

ಕೀಲಿ ತೆಗೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಕಿಕೊಂಡಳು ಎಂದರೆ... ಆ ಸದ್ದು ಕೆಳಗೆ ಕುಳಿತಿದ್ದ ವಾಚ್‌ಮನ್ ಏಕನಾಥನಿಗೂ ಕೇಳಿಸಿತು.

ಪಾಪ, ರಾಜೀವನಿಗೇನು ಗೊತ್ತು?

ಎರಡು ವರ್ಷದ ಹಿಂದೆ ಇದೇ ಮನೆಯಿಂದ ನೀಲಿಮಾಳ ಗಂಡ ಸದಾನಂದ ಒಂದು ಮುಂಜಾನೆ ಹೊರಟುಹೋಗಿದ್ದ. ಅವಳು ಅಡುಗೆಮನೆಯಲ್ಲಿ ಮಿಕ್ಸರ್ ಹಾಕಿ ಚಟ್ನಿ ರುಬ್ಬುತ್ತಿದ್ದಳು. ಮಿಕ್ಸರ್ ನಿಲ್ಲಿಸಿ ಹೊರಗೆ ಬಂದರೆ ಬಾಗಿಲು ಮುಚ್ಚಿತ್ತು. ಸಂಜೆ ಅವನು ಬರಲಿಲ್ಲ. ಮುಂಬೈಯಲ್ಲಿ ಅವನಿಗೆ ಇನ್ನೊಬ್ಬಳಿದ್ದಾಳೆ, ಇನ್ನೊಂದು ಮನೆಯಿದೆ ಎಂಬುದೆಲ್ಲ ಆಮೇಲೆ ತಿಳಿಯಿತು. ಕೋರ್ಟು ಆಯಿತು, ವಿಚ್ಛೇದನ ಆಯಿತು. ನಮ್ಮ ಜನಕ್ಕೆ ಆಡಿಕೊಳ್ಳಲು ವಿಷಯವೂ ಆಯಿತು.

ಎಲ್ಲ ಮುಗಿದರೂ ನೀಲಿಮಾಳ ಗಂಟಲಲ್ಲಿ ಒಂದು ಪ್ರಶ್ನೆ ಮುಳ್ಳಿನಂತೆ ಉಳಿದಿತ್ತು.

'ಹೋಗುವಾಗ ಅವನು ಹೋಗಿ ಬರ್ತೀನಿ ಅಂದಿದ್ದನೋ, ಇಲ್ಲವೋ?'

ಇದೇನು ದೊಡ್ಡ ಮಾತು ಎನ್ನಬೇಡಿ. ನಮ್ಮ ಕಡೆ ಕೊತ್ತಂಬರಿ ತರಲು ಹೋಗುವವರೂ 'ಹೋಗಿ ಬರ್ತೀನಿ' ಎಂದೇ ಹೋಗುತ್ತಾರೆ. ಬರೀ 'ಹೋಗ್ತೀನಿ' ಎಂದರೆ ಮನೆಯ ಹಿರಿಯರು ಗದರುತ್ತಾರೆ. ಹೇಳದೇ ಹೋಗುವವರು ಎಂದರೆ ಒಂದೋ ಜಗಳವಾಡಿದವರು, ಇಲ್ಲವೇ ಸತ್ತವರು. ಸದಾನಂದ ಅಂದಿದ್ದರೆ ಮಿಕ್ಸರಿನ ಸದ್ದಿನಲ್ಲಿ ತನಗೇ ಕೇಳಿಸಲಿಲ್ಲ. ಅಂದಿರದಿದ್ದರೆ... ಅಷ್ಟೂ ಬೇಡವಾಗಿದ್ದೆನೇ ನಾನು?

ಮತ್ತೊಬ್ಬರನ್ನು ನಂಬಿ, ಸಂಜೆ ಬಾಗಿಲು ನೋಡುತ್ತ ಕೂರುವ ಶಕ್ತಿ ತನಗಿನ್ನಿಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ವಿಮಾ ಕಚೇರಿಯ ಗೆಳತಿ ಸ್ವರ್ಣಲತಾ ತನ್ನ ನಾಯಿ ಮರಿ ಹಾಕಿದಾಗ ಒಂದನ್ನು ತಂದು ಇವಳ ಮಡಿಲಿಗೆ ಹಾಕಿದ್ದಳು. ಪುಠಾಣಿಯ, ಅಂದರೆ ಹುರಿಗಡಲೆಯ, ಬಣ್ಣ. ಹಾಗಾಗಿ ಹೆಸರೂ ಪುಠಾಣಿ. ನಾಯಿಯಾದರೆ ಚಿಂತೆಯಿಲ್ಲ, ಬಾಗಿಲು ನೋಡುತ್ತ ಕೂರುವ ಕೆಲಸ ಅದರದು ಎಂದುಕೊಂಡು ನೀಲಿಮಾ ಅದನ್ನು ಇಟ್ಟುಕೊಂಡಿದ್ದಳು.

ಆದರೆ ಬಾಗಿಲು ನೋಡುತ್ತ ಕೂರುವ ಸಂಕಟ ಎಂಥದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮರುದಿನ ಮುಂಜಾನೆ ಬೆಲ್ ಆಯಿತು. ರಾಜೀವ ರದ್ದಿ ಪೇಪರಿನ ಕಟ್ಟು ಹಿಡಿದು ನಿಂತಿದ್ದ.

"ನಿನ್ನೆ ನಾಲಿಗಿ ಜಾರ್ತು. ತಪ್ಪಾತ್ರಿ."

"ಈ ಪೇಪರ್ ಯಾಕ?"

"ಬಾಲ್ಕನ್ಯಾಗ ಹಾಸ್ರಿ. ಉಂಡ ಕೂಡಲೇ, ಎದ್ದ ಕೂಡಲೇ ಮರೀನ ಅದರ ಮ್ಯಾಲೆ ಬಿಡ್ರಿ. ಅಲ್ಲೆ ಮಾಡಿದ್ರ ಶಾಬ್ಬಾಸ್ ಅನ್ರಿ. ಬ್ಯಾರೆ ಕಡೆ ಮಾಡಿದ್ರ ಬೈಬ್ಯಾಡ್ರಿ, ಸುಮ್ಮ ವರಸ್ರಿ. ಬೆಳಗಾವ್ಯಾಗ ನಮ್ಮ ಮನ್ಯಾಗ ನಾಯಿ ಇಲ್ಲದ ದಿನಾನೇ ಇರ್ಲಿಲ್ಲ."

ಅವಳು ಬೇಡ ಎನ್ನುವವಳಿದ್ದಳು. ಆದರೆ ಹಿಂದಿನ ಸಂಜೆಯೇ ಏಕನಾಥ ಬಂದು ಸೊಸೈಟಿಯ ಸೆಕ್ರೆಟರಿ ಹೇಳಿದ್ದನ್ನು ಮರಾಠಿಯಲ್ಲಿ ಒಪ್ಪಿಸಿ ಹೋಗಿದ್ದ. ಹಗಲೆಲ್ಲ ಈ ಅಳು ಹೀಗೇ ಇದ್ದರೆ ನಾಯಿಯನ್ನು ಕಟ್ಟಡದಲ್ಲಿ ಇಡುವಂತಿಲ್ಲ.

"ಅಳೂದನ್ನ ಬಿಡಸಲಿಕ್ಕೆ ಬರ್ತದೇನು?" ಎಂದು ಕೇಳಿದಳು.

"ಬರ್ತದ. ಆದ್ರ ಅದಕ್ಕಿಂತ ಮದಲ ನೀವು ಕಲೀಬೇಕು."

ಹೀಗೆ ಶುರುವಾಯಿತು ಪಾಠ. ರಾಜೀವನಿಗೆ ರಾತ್ರಿಪಾಳಿ ಇದ್ದಾಗ ಅವನು ಮುಂಜಾನೆ ಬರುತ್ತಿದ್ದ, ಹಗಲುಪಾಳಿ ಇದ್ದಾಗ ಸಂಜೆ. ಚಪ್ಪಲಿ ಕಚ್ಚಿದರೆ ಬೈಯುವ ಬದಲು ಬಾಯಿಗೆ ಹಳೆಯ ಬಟ್ಟೆಯ ಗಂಟು ಕೊಡುವುದು. ಕೈ ಕಚ್ಚಿದರೆ ಆಟ ನಿಲ್ಲಿಸಿ ಎದ್ದುಬಿಡುವುದು. ಹಾಲು ಬಿಟ್ಟು ಅನ್ನ ಮೊಸರಿಗೆ ಬರುವುದು. ಇದೆಲ್ಲ ಸಲೀಸಾಗಿ ಸಾಗಿತು. ಕಷ್ಟವಾದದ್ದು ಒಂದೇ.

"ಹೋಗುವಾಗ ಏನೂ ಹೇಳಬ್ಯಾಡ್ರಿ," ಎಂದ ರಾಜೀವ. "ಮುದ್ದು ಮಾಡಬ್ಯಾಡ್ರಿ, ತಿರುಗಿ ನೋಡಬ್ಯಾಡ್ರಿ. ಹೇಳಿದ್ರಂದ್ರ, ಈಗ ಏನೋ ದೊಡ್ಡ ಕೆಟ್ಟದ್ದು ನಡೀತದ ಅಂತ ಅದಕ್ಕ ತಿಳೀತದ. ಸುಮ್ಮ ಎದ್ದು ಹೋಗ್ರಿ. ಅದು ಅಳೂಕಿಂತ ಮದಲ ಸುಮ್ಮ ಬರ್ರಿ."

"ಹೇಳದ ಹೋಗೂದು ನಮ್ಮ ಮನ್ಯಾಗ ಪದ್ಧತಿ ಇಲ್ಲ."

"ನಮ್ಮ ಮನ್ಯಾಗೂ ಇಲ್ರಿ. ನಾಯಿಗಿ ಪದ್ಧತಿ ಗೊತ್ತಿಲ್ಲಲ್ಲ," ಎಂದು ಅವನು ನಕ್ಕ.

ಅವಳಿಗೆ ನಗು ಬರಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಹೊಸ್ತಿಲು ದಾಟುವಾಗ 'ಬರ್ತೀನಿ ಹಾಂ' ಎಂಬುದು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಅದನ್ನು ನುಂಗಿಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಅವನ ಪಕ್ಕ ಕೂರುತ್ತಿದ್ದಳು. ಮೊದಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ನಂತರ ಹಾಲು ಕಾಯುವಷ್ಟು ಹೊತ್ತು. ನಂತರ ಅನ್ನವಾಗುವಷ್ಟು ಹೊತ್ತು. ಒಳಗೆ ಪುಠಾಣಿ ತಾಳ್ಮೆ ಕಲಿಯುತ್ತಿತ್ತು, ಹೊರಗೆ ಇಬ್ಬರೂ ಪಿಸುಮಾತಿನಲ್ಲಿ ಬೆಳಗಾವಿಯ ಕುಂದಾ ಮೇಲೋ ಧಾರವಾಡದ ಫೇಡೆ ಮೇಲೋ ಎಂದು ವಾದಿಸುತ್ತಿದ್ದರು.

ನಾಯಿ ಕಲಿಯಲಿ ಎಂದು ಕೂರುವುದೋ, ಇವರು ಕೂರಲಿ ಎಂದು ನಾಯಿ ಕಲಿಯುವುದೋ... ನೋಡುವವರಿಗೆ ತಿಳಿಯುತ್ತಿರಲಿಲ್ಲ.

ಅವಳು ಅವನಿಗೆ ಮನೆಯ ಇನ್ನೊಂದು ಕೀಲಿ ಕೊಟ್ಟಳು. ರಾತ್ರಿಪಾಳಿ ಇದ್ದಾಗ ಮಧ್ಯಾಹ್ನ ಎದ್ದು ಪುಠಾಣಿಗೆ ಊಟ ಹಾಕಿ ಬರುತ್ತಿದ್ದ. ಅಳು ಕಡಿಮೆಯಾಯಿತು. ಕೀಲಿ ಕೊಟ್ಟ ದಿನ ತಾನು ಏನು ಕೊಟ್ಟೆ ಎಂಬುದು ನೀಲಿಮಾಳಿಗೆ ಗೊತ್ತಿತ್ತು. 'ಬ್ಯಾಡ ನೀಲಿಮಾ, ಮತ್ತ ಬ್ಯಾಡ' ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಕೇಳಬೇಕಲ್ಲ.

ಒಂದೇ ಒಂದು ವಿಷಯ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಪಾಠ ಅವನಿಗೇ ರೂಢಿಯಾಗಿಬಿಟ್ಟಿತ್ತು! ಮಾತಾಡುತ್ತ ಕೂತವನು, ಅವಳು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಇರುತ್ತಿರಲಿಲ್ಲ. ಖಾಲಿ ಕುರ್ಚಿ, ಮುಚ್ಚಿದ ಬಾಗಿಲು. ಮರಿ ಮಾತ್ರ ಆರಾಮಾಗಿ ಮಲಗಿರುತ್ತಿತ್ತು. ನೀಲಿಮಾ ತಂಬಿಗೆ ಹಿಡಿದು ಅಲ್ಲೇ ನಿಂತಿರುತ್ತಿದ್ದಳು.

'ಹೇಳಿಬಿಡಲೇ ಅವನಿಗೆ? ಹೇಳಿದರೆ ಸದಾನಂದನ ಕಥೆಯನ್ನೆಲ್ಲ ಬಿಚ್ಚಬೇಕು... ಬೇಡ.'

ಅಷ್ಟರಲ್ಲಿ ಅವಳ ತಾಯಿ ಕೃಷ್ಣಾಬಾಯಿ ಹುಬ್ಬಳ್ಳಿಯ ಮಗನ ಮನೆಯಿಂದ ಬಂದರು. ಸ್ವಾರಗೇಟಿನಲ್ಲಿ ಬಸ್ಸಿಳಿದು ರಿಕ್ಷಾದಲ್ಲಿ ಮನೆ ಮುಟ್ಟಿದವರು ಒಳಗೆ ಕಾಲಿಡುತ್ತಲೇ ಸೀರೆಯ ನೆರಿಗೆ ಎತ್ತಿಹಿಡಿದರು.

"ಅಯ್ಯ, ಮಡಿ ಹೆಂಗ ಉಟ್ಕೊಳ್ಳಲಿ ನಾನು ಈ ಮನ್ಯಾಗ? ಅದು ಅಡಿಗೀ ಮನಿಗೆ ಬಂದ್ರ ನಾ ಊಟಾ ಬಿಡ್ತೀನಿ ನೋಡು."

ಪುಠಾಣಿಗೆ ಅಡುಗೆಮನೆಯ ಹೊಸ್ತಿಲಿನಲ್ಲೇ ಕೂರಲು ರಾಜೀವ ಕಲಿಸಿದ. ಅದು ಮುಂಗಾಲು ಹೊಸ್ತಿಲಿಗೆ ತಾಗಿಸಿ, ಒಂದು ಕೂದಲೂ ದಾಟದೆ ಕೂತು ಕೃಷ್ಣಾಬಾಯಿಯವರ ಮುಖ ನೋಡಿತು. ವಾರ ಕಳೆಯುವಷ್ಟರಲ್ಲಿ ಅವರು ತಮ್ಮ ಎಲೆಯ ಅನ್ನ ಮಜ್ಜಿಗೆಯಲ್ಲಿ ಒಂದು ತುತ್ತು ಅದಕ್ಕಾಗಿ ತೆಗೆದಿಡತೊಡಗಿದರು.

ರಾಜೀವನೂ ಅವರಿಗೆ ಹಿಡಿಸಿದ. ಒಂದು ದೂರು ಮಾತ್ರ ಇತ್ತು.

"ಹುಡುಗ ಛಲೋ ಇದ್ದಾನ. ಆದ್ರ ಹೇಳದ ಕೇಳದ ಹೋಗ್ತಾನಲ್ಲ, ಅದೇನು? ಹೋಗಿ ಬರ್ತೀನಿ ಅನ್ನದವರಿಗೆ ಮತ್ತ ಬರೋ ಮನಸ್ಸಿಲ್ಲಂತ ನಮ್ಮ ಅತ್ತಿ ಅಂತಿದ್ರು."

ಮುದುಕಿ ಸುಮ್ಮನೆ ಆಡಿದ ಮಾತು. ಮಗಳ ಎದೆಯಲ್ಲಿ ಹೋಗಿ ನಾಟಿತು.

ಆ ಶನಿವಾರ ಸಂಜೆ ರಾಜೀವ ಬಂದಾಗ ಏನೋ ಹೇಳಲೆಂದೇ ಬಂದವನಂತಿದ್ದ. ಕುರ್ಚಿಯ ತುದಿಗೆ ಕೂತು, ಕೈ ಉಜ್ಜಿಕೊಂಡು, "ನಿಮ್ಮ ಜೋಡಿ ಒಂದು ಮಾತಾಡೂದಿತ್ತು" ಎಂದ. ಕೃಷ್ಣಾಬಾಯಿ ಗುಡಿಗೆ ಹೋಗಿದ್ದರು.

"ಚಹಾ ತರ್ತೀನಿ, ಆಮ್ಯಾಲೆ ಹೇಳ್ರಿ," ಎಂದು ನೀಲಿಮಾ ಒಳಗೆ ಹೋದಳು. ಚಹಾ ಸೋಸುತ್ತ ತನಗೇ ಹೇಳಿಕೊಂಡಳು. 'ಕೇಳಿದರೆ ಹೂಂ ಅಂದುಬಿಡ್ತೀನಿ. ಏನಾದರೂ ಆಗಲಿ, ಈ ಸಲ ಹೂಂ ಅಂದುಬಿಡ್ತೀನಿ.'

ಹೊರಗೆ ಬಂದಳು. ಕುರ್ಚಿ ಖಾಲಿ. ಬಾಗಿಲು ಮುಚ್ಚಿತ್ತು. ಟೀಪಾಯಿಯ ಮೇಲೆ ಅವಳು ಕೊಟ್ಟಿದ್ದ ಕೀಲಿ ಇತ್ತು. ಪುಠಾಣಿ ಮೂಲೆಯಲ್ಲಿ ನಿದ್ದೆ ಹೋಗಿತ್ತು.

ಅವಳು ಎರಡೂ ಕಪ್ಪು ಕೆಳಗಿಟ್ಟು ಪಕ್ಕದ ಮನೆಗೆ ಹೋಗಿ ನೋಡಿದಳು. ಅಲ್ಲಿಯೂ ಬೀಗ.

ಮರುದಿನ ಫೋನ್ ಬಂತು.

"ಹಲೋ, ನೀಲಿಮಾ ಅವರ... ನಾನು ರಾಜೀವ..."

ಅವಳು ರಿಸೀವರ್ ಇಟ್ಟುಬಿಟ್ಟಳು. ಮತ್ತೆ ಬಂದಾಗ ತಾಯಿಗೆ ಕೊಟ್ಟು, ಮನೆಯಲ್ಲಿಲ್ಲ ಎಂದು ಕೈಸನ್ನೆ ಮಾಡಿದಳು. ಕೃಷ್ಣಾಬಾಯಿ ಬಹಳ ಹೊತ್ತು ಹೂಂ ಹೂಂ ಎಂದು ಕೇಳಿ ಫೋನ್ ಇಟ್ಟರು.

"ಅವರ ಅಪ್ಪ ಬಚ್ಚಲದಾಗ ಬಿದ್ದು ಕಾಲು ಮುರದದಂತ. ಸುದ್ದಿ ಕೇಳಿ ಹಂಗೇ ಬೆಳಗಾವಿ ಬಸ್ ಹತ್ಯಾನ. ನನ್ನ ಹತ್ರ ಕೀಲಿ ಇರ್ಲಿಲ್ಲಲ್ಲ, ಅದಕ್ಕ ಇಟ್ಟು ಹೋಗ್ಯಾನ."

"ನಾನು ಒಳಗ ಚಹಾ ಮಾಡ್ಲಿಕ್ಕತ್ತಿದ್ದೆ, ಅವ್ವ. ಸತ್ತಿರ್ಲಿಲ್ಲ. ಒಂದು ಮಾತು ಹೇಳಲಿಕ್ಕೆ ಏನಾಗಿತ್ತು?"

"ಗಾಬ್ರಿ ಆಗಿರ್ತದ..."

"ಅವನೂ ಹಿಂಗೇ ಹೋದ. ಇವನೂ ಹಿಂಗೇ. ನನ್ನ ಮನಿ ಅಂದ್ರ ಹೇಳದ ಎದ್ದು ಹೋಗೋ ಧರ್ಮಶಾಲಾ ಆಗೇದ. ಸಾಕು ನನಗ."

ಫೋನ್ ಮತ್ತೆ ಬರಲಿಲ್ಲ. ಎರಡು ಸಲ ಬಾಗಿಲು ಹಾಕಿಸಿಕೊಂಡ ಮಾನವಂತ ಮೂರನೆಯ ಸಲ ತಟ್ಟುತ್ತಾನೆಯೇ?

ದಿನಗಳು ಹೋದವು. ನೀಲಿಮಾ ಎಂದಿನಂತೆ ಮುಂಜಾನೆ ಸುಮ್ಮನೆ ಎದ್ದು ಆಫೀಸಿಗೆ ಹೋಗುತ್ತಿದ್ದಳು, ಸಂಜೆ ಸುಮ್ಮನೆ ಬರುತ್ತಿದ್ದಳು. ಒಂದು ದಿನ ಅರ್ಧ ದಾರಿಗೆ ಹೋದ ಮೇಲೆ ಡಬ್ಬಿ ಮರೆತದ್ದು ನೆನಪಾಗಿ ತಿರುಗಿ ಬಂದಳು. ತಾಯಿ ಗುಡಿಗೆ ಹೋಗಿದ್ದರು, ಬಾಗಿಲಿಗೆ ಬೀಗವಿತ್ತು.

ಒಳಗಿನಿಂದ ಒಂದು ಸದ್ದೂ ಇರಲಿಲ್ಲ.

ಗಾಬರಿಯಿಂದ ಬೀಗ ತೆಗೆದಳು. ಪುಠಾಣಿ ಕಿಟಕಿಯ ಬಿಸಿಲಿನಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಒಂದು ಕಣ್ಣು ತೆರೆದು ನೋಡಿತು. ಬಾಲವನ್ನು ನೆಲಕ್ಕೆ ಎರಡು ಬಾರಿ ಬಡಿಯಿತು. ಮತ್ತೆ ಮಲಗಿತು.

ಹೊಸ್ತಿಲಲ್ಲೇ ನಿಂತ ನೀಲಿಮಾ ಅದನ್ನೇ ನೋಡಿದಳು. ಅಲ್ಲೇ ಕುಳಿತಳು.

'ನಾನು ಇದಕ್ಕೆ ಈಚೆಗೆ ಒಂದು ದಿನವೂ ಹೇಳಿ ಹೋಗಿಲ್ಲ. ಆದರೂ ಎಷ್ಟು ನಿಶ್ಚಿಂತೆಯಿಂದ ಮಲಗಿದೆ... ಯಾಕೆ? ನಾನು ಪ್ರತಿದಿನ ಬಂದಿದ್ದೇನೆ, ಅದಕ್ಕೆ. ಅಷ್ಟೇ.'

ರಾಜೀವ? ಅವನೂ ಎಷ್ಟು ಸಲ ಹೇಳದೇ ಹೋಗಿದ್ದ. ಮರುದಿನ ಬಾರದ ದಿನ ಒಂದಾದರೂ ಇತ್ತೇ? ಬೆಳಗಾವಿಯಿಂದಲೂ ಅವನು ಬರುವವನೇ ಇದ್ದ. ಫೋನಿನ ತಂತಿ ಹಿಡಿದು ಬರುತ್ತಲೇ ಇದ್ದ. ಬಾಗಿಲು ಹಾಕಿದ್ದು ನಾನು.

ಇನ್ನು ಸದಾನಂದ. ಆ ಮುಂಜಾನೆ ಅವನು 'ಹೋಗಿ ಬರ್ತೀನಿ' ಎಂದು ಕೂಗಿಯೇ ಹೇಳಿದ್ದನೆಂದು ಇಟ್ಟುಕೊಳ್ಳೋಣ. ಮಿಕ್ಸರ್ ನಿಲ್ಲಿಸಿ ತಾನು ಕಿವಿಯಾರೆ ಕೇಳಿದ್ದೆನೆಂದೇ ಇಟ್ಟುಕೊಳ್ಳೋಣ. ಸಂಜೆ ಬರುತ್ತಿದ್ದನೇ?

ಇಲ್ಲ. ಹೇಳಿದ್ದರೂ ಬರುತ್ತಿರಲಿಲ್ಲ.

ಎರಡು ವರ್ಷ ಹೊತ್ತ ಪ್ರಶ್ನೆ ಅಷ್ಟು ಹಗುರವಾಗಿ ಕೆಳಗಿಳಿಯಿತು. ಅವಳು ಗೋಡೆಗೆ ತಲೆಯಾನಿಸಿ ಮನಸಾರೆ ಅತ್ತಳು. ಪುಠಾಣಿ ಎದ್ದು ಬಂದು ಅವಳ ಮಡಿಲಲ್ಲಿ ತಲೆಯಿಟ್ಟಿತು. ಆ ದಿನ ಆಫೀಸಿಗೆ ರಜೆಯಾಯಿತು.

ಸಂಜೆ ಅವಳೇ ಫೋನ್ ಮಾಡಿದಳು. ರಾಜೀವನ ಮೊಬೈಲ್ ಬಂದ್ ಇತ್ತು. ಮರುದಿನವೂ ಹಾಗೇ.

ಭಾನುವಾರ ಮುಂಜಾನೆ ಏಕನಾಥ ಬಂದು ಬಾಜೂ ಮನೆಯವರು ಬಂದಿದ್ದಾರೆ, ಮನೆ ಖಾಲಿ ಮಾಡುತ್ತಿದ್ದಾರೆ, ಟೆಂಪೋ ಕೆಳಗೆ ನಿಂತಿದೆ ಎಂದು ಹೇಳಿದ. ಅದು ಕೇಳಿ ಕೃಷ್ಣಾಬಾಯಿ ಮಗಳ ಮುಖ ನೋಡಿದರು.

"ನೀಲಾ, ಈಗ ಕೂತೀ ಅಂದ್ರ ಜನ್ಮಪೂರ್ತಿ ಕೂಡಬೇಕಾಗ್ತದ. ಏಳು."

ಅವಳು ಎದ್ದಳು. ಪುಠಾಣಿ ಅವಳಿಗಿಂತ ಮೊದಲೇ ಓಡಿ ಪಕ್ಕದ ಮನೆಗೆ ನುಗ್ಗಿತು.

ರಾಜೀವ ಹಾಸಿಗೆ ಸುತ್ತಿ ಹಗ್ಗ ಕಟ್ಟುತ್ತಿದ್ದ. ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು. ನಾಯಿ ಮೈಮೇಲೆ ಹಾರಿದಾಗ ಅದರ ತಲೆ ಸವರಿದ. ಅವಳನ್ನು ನೋಡಿ ಎದ್ದು ನಿಂತ.

"ಅಪ್ಪಾರ ಕಾಲು ಹೆಂಗ ಅದ?" ಎಂದಳು.

"ಆಪರೇಶನ್ ಆತ್ರಿ. ಇನ್ನ ಮೆಟ್ಟಲಾ ಹತ್ತಲಿಕ್ಕೆ ಆಗೂದಿಲ್ಲ. ತಳೇಗಾಂವದಾಗ ನೆಲಮಹಡಿ ಮನಿ ಹಿಡದೇನಿ, ಅವರನ್ನ ಅಲ್ಲೇ ಕರಕೊಂಡು ಬರ್ತೀನಿ."

"ನಾನು ಫೋನ್ ಮಾಡಿದ್ದೆ."

"ದವಾಖಾನ್ಯಾಗ ಮೊಬೈಲ್ ಕಳೀತ್ರಿ."



"ಅದಕ್ಕಿಂತ ಮದಲ ನೀವು ಮಾಡಿದಾಗ ನಾನು ಇಟ್ಟುಬಿಟ್ಟೆ. ಯಾಕ ಅಂತ ಕೇಳೂದಿಲ್ಲೇನು?"

"ಕೇಳೋ ಹಕ್ಕು ನನಗ ಅದನೋ ಇಲ್ಲೋ ತಿಳೀಲಿಲ್ಲ."

ಆಗ ನೀಲಿಮಾ ಎಲ್ಲವನ್ನೂ ಹೇಳಿದಳು. ಸದಾನಂದನನ್ನು, ಮಿಕ್ಸರನ್ನು, ಮುಚ್ಚಿದ ಬಾಗಿಲನ್ನು, ತಂಬಿಗೆ ಹಿಡಿದು ಖಾಲಿ ಕುರ್ಚಿಯ ಮುಂದೆ ನಿಂತ ಸಂಜೆಗಳನ್ನು. ಕೇಳುತ್ತ ಕೇಳುತ್ತ ರಾಜೀವ ಕಟ್ಟಿದ ಹಾಸಿಗೆಯ ಮೇಲೆ ಕುಸಿದು ಕೂತ.

"ಛೇ... ದಿನಾ ನಿಮ್ಮ ಗಾಯದ ಮ್ಯಾಲೆ ಕಾಲಿಟ್ಟು ಹೋಗೇನಲ್ಲ ನಾನು. ಒಂದು ಮಾತು ಹೇಳಬಾರದಿತ್ತೇನ್ರಿ?"

"ಹೆಂಗ ಹೇಳಲಿ? ನನಗೇ ನಾಚಿಕಿ ಆಗ್ತಿತ್ತು."

"ನಾನೂ ಒಂದು ಖರೇ ಹೇಳ್ತೀನಿ. ಅವತ್ತ ನಾನು ನಾಯೀ ಸಲುವಾಗಿ ಸುಮ್ಮ ಹೋಗ್ಲಿಲ್ಲ. ಅಪ್ಪ ಬಿದ್ದಾರಂತ ಫೋನ್ ಬಂದ ಕೂಡಲೇ ಏನು ಮಾಡಬೇಕಂತ ತಿಳೀದಂಗಾತು. ಒಳಗ ಬಂದು ನಿಮಗ ಹೇಳಿದ್ರ ಅಲ್ಲೇ ಅತ್ತುಬಿಡ್ತಿದ್ದೆ. ಮದುವಿ ಮಾತಾಡ್ಲಿಕ್ಕೆ ಬಂದಾಂವ ಅಳಕೋತ ನಿಂತ್ರ ಹೆಂಗ ಅಂತ... ಓಡಿಹೋದೆ."

ನೀಲಿಮಾ ಅವನ ಎದುರಿಗೆ ನೆಲದ ಮೇಲೆ ಕುಳಿತಳು.

"ಅತ್ತಿದ್ರ ಏನಾಗ್ತಿತ್ತು? ಇಷ್ಟು ದಿನಾ ನಾನೊಬ್ಬಾಕೀನೇ ಅಳೂದು ತಪ್ಪತಿತ್ತು."

ಅವನು ತಲೆ ಎತ್ತಲಿಲ್ಲ. "ಇನ್ನ ಮ್ಯಾಲೆ ಎಲ್ಲೆ ಹೋದ್ರೂ ಹೇಳೇ ಹೋಗ್ತೀನ್ರಿ."

"ಹೇಳಿದ್ರೂ ಆತು, ಮರತ್ರೂ ಆತು. ಬಂದ್ರ ಸಾಕು ನನಗ."

ಕೆಳಗಿನಿಂದ ಟೆಂಪೋದವನ ಹಾರ್ನ್ ಕೇಳಿಸಿತು. ಇಬ್ಬರೂ ಏಳಲಿಲ್ಲ. ಪುಠಾಣಿ ಅವರ ನಡುವೆ ಬಂದು ಮಲಗಿಕೊಂಡಿತು.

"ಆ ಮನ್ಯಾಗ ನಾಯಿ ಇಟ್ಕೊಳ್ಳಿಕ್ಕೆ ಬಿಡ್ತಾರೇನು?" ಎಂದು ನೀಲಿಮಾ ಕೇಳಿದಳು.

"ಮಾಲೀಕರನ್ನ ಅದೊಂದು ಮಾತು ಮದಲೇ ಕೇಳಿದೆ. ಅಡ್ಡಿ ಇಲ್ಲ ಅಂದ್ರು."

ಅವಳ ಕಣ್ಣು ತುಂಬಿತು. ತಾನು ಫೋನ್ ಇಟ್ಟ ಮೇಲೂ, ಇವನು ನಾಯಿಗೆ ಜಾಗವಿರುವ ಮನೆ ಹುಡುಕಿದ್ದ.

"ಮತ್ತೇನು ಕೇಳಿದ್ರು ಮಾಲೀಕರು?"

"ಮನ್ಯಾಗ ಎಷ್ಟು ಮಂದಿ ಇರ್ತೀರಿ ಅಂದ್ರು."

"ನೀವು ಏನಂದ್ರಿ?"

"ಅಪ್ಪ, ನಾನು... ಇನ್ನೊಬ್ಬರನ್ನ ಕೇಳಿ ಹೇಳ್ತೀನಿ ಅಂದೆ."

"ಕೇಳ್ರಿ ಮತ್ತ."

ರಾಜೀವ ತಲೆ ಎತ್ತಿದ.

"ನಮ್ಮ ಜೋಡಿ ಇರ್ತೀಯೇನು, ನೀಲಾ?"

"ಇರ್ತೀನಿ," ಎಂದಳು ಅವಳು.